ಮರದ ಒಡಲಿನಿಂದ ತೇಜಸ್‌ವರೆಗೆ: 45ನೇ ಸ್ಕ್ವಾಡ್ರನ್ ನಡೆದು ಬಂದ ದಾರಿ

ಧಾರವಾಡ ಬಿಟ್ಟು ಮುಗದ ಸ್ಟೇಶನ್ ದಾಟಿದ ರೈಲು ಅಳ್ನಾವರ, ಲೋಂಡಾ ಹಾದು ಕ್ಯಾಸಲ್‌ರಾಕ್ ಘಟ್ಟದಲ್ಲಿ ಗೋವಾಕ್ಕೆ ಇಳಿಯುತ್ತದೆ. 1961ರ ಡಿಸೆಂಬರ್‌ವರೆಗೆ ಆ ಘಟ್ಟದಾಚೆಗಿನದು ಪೋರ್ಚುಗೀಸರ ನೆಲ. ಡಿಸೆಂಬರ್ 18ರಂದು ಗೋವಾ ವಿಮೋಚನೆಯ 'ಆಪರೇಷನ್ ವಿಜಯ್' ಶುರುವಾದಾಗ ವಾಯುಪಡೆಯ ವಿಮಾನಗಳು ಪುಣೆಯಲ್ಲಿ ಮತ್ತು ನಮ್ಮ ಬೆಳಗಾವಿ ಮಗ್ಗುಲಿನ ಸಾಂಬ್ರಾದಲ್ಲಿ ಸಜ್ಜಾಗಿದ್ದವು. ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಳಿ ವಿಮಾನ ನಿಲ್ದಾಣದ ರನ್‌ವೇ ಒಡೆದವು. ಆರು ಹಂಟರ್ ಯುದ್ಧ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ನೆಲದ ಮೇಲಿನ ಪಡೆಗೆ ಬೆಂಬಲವಾಗಿ ಆಕಾಶದಲ್ಲಿ ಗಸ್ತು ತಿರುಗಿದ್ದು ವ್ಯಾಂಪೈರ್ ಜೆಟ್‌ಗಳು. ಅವು 45ನೇ ಸ್ಕ್ವಾಡ್ರನ್ನಿನವು.

'ಫ್ಲೈಯಿಂಗ್ ಡ್ಯಾಗರ್ಸ್' ಎಂದು ಹೆಸರಾದ ಈ ಸ್ಕ್ವಾಡ್ರನ್ ಕಟ್ಟಿದ್ದು 1959ರಲ್ಲಿ. ಇದರ ಕಥೆಯನ್ನು ಕನ್ನಡಿಗರು ತಿಳಿದಿರಬೇಕು. ಏಕೆಂದರೆ ಇದರ ಏಳುಬೀಳಿನ ಜೊತೆಗೆ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಏಳುಬೀಳೂ ಹೆಣೆದುಕೊಂಡಿದೆ.

ವ್ಯಾಂಪೈರ್ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ವಿನ್ಯಾಸ. ನಮ್ಮ ವಾಯುಪಡೆಗೆ ಬೇಕಾದ ವ್ಯಾಂಪೈರ್‌ಗಳಲ್ಲಿ ಬಹುಪಾಲನ್ನು ಲೈಸೆನ್ಸ್ ಪಡೆದು ಎಚ್‌ಎಎಲ್ ಬೆಂಗಳೂರಿನಲ್ಲೇ ತಯಾರಿಸಿತು. ಪೈಲಟ್ ಕೂರುವ ಭಾಗ ಮರದ್ದು. ತೆಳು ಪ್ಲೈವುಡ್ ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು, ಅಂಟು ಹಾಕಿ, ಅಚ್ಚಿನಲ್ಲಿ ಒತ್ತಿ ಆ ಗೂಡನ್ನು ಮಾಡುತ್ತಿದ್ದರು. ರೆಕ್ಕೆ ಮತ್ತು ಹಿಂಬದಿಯ ಜೋಡಿ ದಂಡಗಳು ಲೋಹದವು. ಮೂಗಿನ ಕೆಳಗೆ 20 ಮಿಲಿಮೀಟರಿನ ನಾಲ್ಕು ಫಿರಂಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದು ಹೊಸ ಯಂತ್ರವಾಗಿತ್ತು, ಅರವತ್ತರ ದಶಕಕ್ಕೆ ಹಳತಾಗಿತ್ತು.

ಆ ಹಳತಿನ ಬೆಲೆ ತೆತ್ತದ್ದು 1965ರ ಸೆಪ್ಟೆಂಬರ್ 1ರ ಸಂಜೆ. ಜಮ್ಮು ಗಡಿಯ ಛಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿ ಬಂದಾಗ ಪಠಾಣ್‌ಕೋಟ್‌ನಿಂದ 45ನೇ ಸ್ಕ್ವಾಡ್ರನ್ನಿನ ವ್ಯಾಂಪೈರ್‌ಗಳಿಗೆ ಹಾರಲು ಆದೇಶವಾಯಿತು. ಎದುರಾದದ್ದು ಪಾಕಿಸ್ತಾನದ ಕೈಯಲ್ಲಿದ್ದ ಅಮೆರಿಕ ನಿರ್ಮಿತ ಸೇಬರ್ ಜೆಟ್‌ಗಳು. ಒಂದೇ ಸಂಜೆ ನಾಲ್ಕು ವ್ಯಾಂಪೈರ್‌ಗಳು ಉರುಳಿದವು, ಮೂವರು ಪೈಲಟ್‌ಗಳು ಮಡಿದರು. ತಮ್ಮ ವಿಮಾನ ಎಂಥದ್ದೆಂದು ಬಲ್ಲವರಾಗಿಯೂ ಅವರು ಹಾರಿದರು. ಆ ದಿನದ ಬಳಿಕ ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಆಮೇಲೆ ಸ್ಕ್ವಾಡ್ರನ್ನಿಗೆ ಬಂದದ್ದು ಸೋವಿಯತ್ ಮೂಲದ ಮಿಗ್-21, ಶಬ್ದದ ಇಮ್ಮಡಿ ವೇಗದ ಯಂತ್ರ. 1999ರ ಆಗಸ್ಟ್ 10ರಂದು, ಕಾರ್ಗಿಲ್ ಯುದ್ಧ ಮುಗಿದು ಕೆಲವೇ ವಾರಗಳಾಗಿದ್ದಾಗ, ಗುಜರಾತಿನ ನಲಿಯಾ ನೆಲೆಯಿಂದ ಹಾರಿದ ಈ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಪಿ.ಕೆ. ಬುಂದೇಲಾ ಅವರು ಕಛ್ ರಣದ ಗಡಿಯಲ್ಲಿ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಕ್ಷಿಪಣಿಯಿಂದ ಹೊಡೆದುರುಳಿಸಿದರು. ಅದರಲ್ಲಿದ್ದ 16 ಮಂದಿಯೂ ಸತ್ತರು. ಪಾಕಿಸ್ತಾನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 2000ದ ಜೂನ್‌ನಲ್ಲಿ ನ್ಯಾಯಾಲಯ ಹೇಳಿತು. ಇಷ್ಟೆಲ್ಲ ಕಂಡ ಸ್ಕ್ವಾಡ್ರನ್ 2002ರಲ್ಲಿ 'ನಂಬರ್ ಪ್ಲೇಟ್' ಆಯಿತು. ಹೆಸರು, ಲಾಂಛನ ಉಳಿದವು, ವಿಮಾನ ಇಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಬೇರೆಯದೇ ತಪಸ್ಸು ನಡೆದಿತ್ತು. ಮಿಗ್-21ರ ಜಾಗ ತುಂಬಲು ದೇಶೀಯ ಲಘು ಯುದ್ಧ ವಿಮಾನ ಕಟ್ಟುವ ಯೋಜನೆಗೆ 1983ರಲ್ಲಿ ಒಪ್ಪಿಗೆ ಸಿಕ್ಕಿತು, ಮರುವರ್ಷ ವೈಮಾನಿಕ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಕೋಟಾ ಹರಿನಾರಾಯಣ ಅವರು ಯೋಜನೆಯ ಸಾರಥ್ಯ ವಹಿಸಿದರು. ಬಾಲದ ಅಡ್ಡರೆಕ್ಕೆ ಇಲ್ಲದ, ತ್ರಿಕೋನ ರೆಕ್ಕೆಯ ಈ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಅದರಿಂದ ಚುರುಕು ಹೆಚ್ಚುತ್ತದೆ, ಆದರೆ ಕಂಪ್ಯೂಟರ್ ನೆರವಿಲ್ಲದೆ ಯಾವ ಪೈಲಟ್‌ಗೂ ಅದನ್ನು ಹಿಡಿದು ನಿಲ್ಲಿಸಲಾಗದು. ಆ ತಂತ್ರಾಂಶದ ಕೆಲಸದಲ್ಲಿ ಅಮೆರಿಕದ ನೆರವಿತ್ತು. 1998ರ ಪೋಖ್ರಾನ್ ಸ್ಫೋಟದ ಬಳಿಕ ನಿರ್ಬಂಧ ಬಿದ್ದು ಆ ಬಾಗಿಲು ಮುಚ್ಚಿತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳ ನೇತೃತ್ವದ ತಂಡ ಆ ಕೆಲಸವನ್ನು ತಾನೇ ಮುಗಿಸಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಬೆಂಗಳೂರಿನಿಂದ ಮೊದಲ ಹಾರಾಟ ನಡೆಸಿದರು. 2003ರಲ್ಲಿ ಪ್ರಧಾನಿ ವಾಜಪೇಯಿ 'ತೇಜಸ್' ಎಂದು ಹೆಸರಿಟ್ಟರು.

2016ರ ಜುಲೈ 1ರಂದು ಬೆಂಗಳೂರಿನಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆದು, ತೆಂಗಿನಕಾಯಿ ಒಡೆದು, 45ನೇ ಸ್ಕ್ವಾಡ್ರನ್ನಿಗೆ ತೇಜಸ್ ಒಪ್ಪಿಸಿದರು. ಅಂದು ಇದ್ದದ್ದು ಎರಡೇ ವಿಮಾನ. ಗ್ರೂಪ್ ಕ್ಯಾಪ್ಟನ್ ಮಾಧವ ರಂಗಾಚಾರಿ ಆಗ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದರು. ಎರಡು ವರ್ಷದ ಬಳಿಕ ಸ್ಕ್ವಾಡ್ರನ್ ತಮಿಳುನಾಡಿನ ಸೂಳೂರಿಗೆ ಹೋಯಿತು. ಮರದ ಗೂಡಿನ ವಿಮಾನದಿಂದ ಬದುಕು ಆರಂಭಿಸಿದ ಸ್ಕ್ವಾಡ್ರನ್ ಈಗ ಹೊರಮೈಯ ಬಹುಭಾಗ ಕಾರ್ಬನ್ ನಾರಿನ ಸಂಯುಕ್ತದಿಂದಾದ ವಿಮಾನ ಹಾರಿಸುತ್ತಿದೆ. ಎರಡನ್ನೂ ಕಟ್ಟಿದ್ದು ಬೆಂಗಳೂರು. ಮೊದಲನೆಯದರ ನಕ್ಷೆ ಹೊರಗಿನದು, ಎರಡನೆಯದರದು ನಮ್ಮದೇ.

ಆದರೆ ತೇಜಸ್‌ನ ಎಂಜಿನ್ ಇನ್ನೂ ನಮ್ಮದಲ್ಲ. ಈ ಕೊರತೆ ಹಳೆಯದು: 1961ರಲ್ಲಿ ಇದೇ ಬೆಂಗಳೂರಿನಿಂದ ಮೊದಲು ಹಾರಿದ ಮಾರುತ್ ಯುದ್ಧ ವಿಮಾನ ತನ್ನ ಪೂರ್ಣ ಶಕ್ತಿ ತೋರದೆ ಹೋದದ್ದು ತಕ್ಕ ಎಂಜಿನ್ ಸಿಗದ ಕಾರಣಕ್ಕೆ. ತೇಜಸ್‌ಗೆಂದೇ ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯಲ್ಲಿ ಶುರುವಾದ ಕಾವೇರಿ ಎಂಜಿನ್ ಬೇಕಾದಷ್ಟು ಬಲ ಕೊಡದೆ ಆ ಯೋಜನೆಯಿಂದ ಹೊರಗುಳಿಯಿತು. ಅದರ ಬದಲು ಬಳಸುವ ಅಮೆರಿಕದ ಜಿಇ ಕಂಪನಿಯ ಎಂಜಿನ್‌ಗಳು ತಡವಾದದ್ದರಿಂದ 2021ರಲ್ಲಿ ಆದೇಶ ಕೊಟ್ಟ 83 ಸುಧಾರಿತ ತೇಜಸ್‌ಗಳ ಹಸ್ತಾಂತರವೂ ಹಿಂದೆ ಬಿತ್ತು. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತವಾದಾಗ, 42 ಫೈಟರ್ ಸ್ಕ್ವಾಡ್ರನ್‌ಗಳಿರಬೇಕಾದ ವಾಯುಪಡೆಯಲ್ಲಿ ಉಳಿದದ್ದು 29.

ಛಂಬ್‌ನ ಆ ಸಂಜೆ ಕಲಿಸಿದ ಪಾಠ ಇಂದಿಗೂ ಸಲ್ಲುತ್ತದೆ: ಪೈಲಟ್‌ನ ಧೈರ್ಯ ಹಳೆಯ ಯಂತ್ರದ ಕೊರತೆಯನ್ನು ತುಂಬಲಾರದು. ಆದ್ದರಿಂದ ತೇಜಸ್ ಬಗ್ಗೆ ಹೆಮ್ಮೆಪಡುವ ನಾವು, ದೇಶೀಯ ಎಂಜಿನ್‌ಗೆ ಬೇಕಾದ ಹಣ ಮತ್ತು ಕಾಲವನ್ನು ಸರ್ಕಾರ ಕೊಡಲೇಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು. ವಿಮಾನವಿಲ್ಲದೆ 14 ವರ್ಷ ಬರೀ ಹೆಸರಾಗಿ ಉಳಿದ ಸ್ಥಿತಿ ಇನ್ನೊಂದು ಸ್ಕ್ವಾಡ್ರನ್ನಿಗೆ ಬರಬಾರದು.