ಉದಯಂಪೇರೂರಿನ ಹಳೆ ಪಳ್ಳಿ: ‘ಕೂಡದು’ಗಳಲ್ಲಿ ಉಳಿದ ಬದುಕು

ಕೊಚ್ಚಿಗೆ ಬಂದ ಹೊಸತರಲ್ಲಿ ನನ್ನನ್ನು ಗಲಿಬಿಲಿ ಮಾಡಿದ ಪದ ‘ಪಳ್ಳಿ’. ನಮ್ಮ ಕರಾವಳಿಯಲ್ಲಿ ಪಳ್ಳಿ ಎಂದರೆ ಮಸೀದಿ. ಇಲ್ಲಿ ಮಸೀದಿಯೂ ಪಳ್ಳಿಯೇ, ಚರ್ಚೂ ಪಳ್ಳಿಯೇ. ಹಾಗಾಗಿ ಆಫೀಸಿನ ಗೆಳೆಯರೊಬ್ಬರು “ಉದಯಂಪೇರೂರಿನ ಹಳೆ ಪಳ್ಳಿ ನೋಡಿದ್ದೀರಾ?” ಎಂದಾಗ “ಯಾವ ಪಳ್ಳಿ?” ಎಂದು ಕೇಳಬೇಕಾಯಿತು. ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು ಹೊರಟೆ.

ತೃಪ್ಪೂಣಿತ್ತುರ ದಾಟಿ ವೈಕಂ ರಸ್ತೆ ಹಿಡಿದರೆ ಈ ಊರು ಸಿಗುತ್ತದೆ. ಪೋರ್ಚುಗೀಸರ ಬಾಯಲ್ಲಿ ಇದು ‘ಡಯಾಂಪರ್’. ಇಲ್ಲಿ ಪಳ್ಳಿ ಕಟ್ಟಿದ್ದು ಕ್ರಿ.ಶ. 510ರಲ್ಲಿ ಎಂಬುದು ಊರಿನ ನಂಬಿಕೆ. ಫೋರ್ಟ್ ಕೊಚ್ಚಿಯ ಚರ್ಚುಗಳಿಗೆ ಹೋಗುವ ಪ್ರವಾಸಿಗರು ಇಲ್ಲಿಗೆ ಬರುವುದು ಅಪರೂಪ. ಆದರೆ ಕೇರಳದ ಕ್ರೈಸ್ತರ ಚರಿತ್ರೆ ತಿರುವು ಪಡೆದದ್ದು ಇಲ್ಲೇ.

ಸಂತ ಥಾಮಸರೇ ಕ್ರಿ.ಶ. 52ರಲ್ಲಿ ಇಲ್ಲಿಗೆ ಬಂದರೆಂದು ನಂಬುವ ಸಮುದಾಯ ಇವರದು. ಪ್ರಾರ್ಥನೆ ಸಿರಿಯಾಕ್ ಭಾಷೆಯಲ್ಲಿ, ಮಾತು ಮಲಯಾಳದಲ್ಲಿ; ಬಿಷಪ್ಪರು ಬರುತ್ತಿದ್ದದ್ದು ಇಂದಿನ ಇರಾಕಿನ ಕಡೆಯಿಂದ. ಹಾಗೆ ಬಂದ ಮಾರ್ ಅಬ್ರಹಾಂ 1597ರಲ್ಲಿ ತೀರಿಕೊಂಡರು. ಆ ತೆರವಿನಲ್ಲಿ ಗೋವಾದ ಆರ್ಚ್‌ಬಿಷಪ್ ಅಲೆಶೊ ದೆ ಮೆನೆಜಿಸ್ ಮಲಬಾರಿಗೆ ಬಂದರು. 1599ರ ಜೂನ್ 20ರಿಂದ 26ರವರೆಗೆ ಈ ಪಳ್ಳಿಯಲ್ಲಿ ಸಭೆ ನಡೆಸಿದರು. 150ಕ್ಕೂ ಹೆಚ್ಚು ಪಾದ್ರಿಗಳು, 600ಕ್ಕೂ ಹೆಚ್ಚು ಊರ ಪ್ರಮುಖರು ಸೇರಿದ್ದರು. ಉದ್ದೇಶ ಒಂದೇ: ಇವರನ್ನು ರೋಮಿನ ರೀತಿಗೆ ‘ತಿದ್ದುವುದು’.

ಸಭೆಯ ನಿರ್ಣಯಗಳು ಇಂದಿಗೂ ಉಳಿದಿವೆ. ಪಾದ್ರಿಗಳು ಮದುವೆಯಾಗಕೂಡದು. ಗಂಡಸರು ಕಿವಿ ಚುಚ್ಚಿಸಿಕೊಳ್ಳಕೂಡದು. ಜೋಯಿಸರ ಬಳಿ ಹೋಗಕೂಡದು. ಓಣಂ ಆಟಗಳಲ್ಲಿ ಸೇರಕೂಡದು. ಅವರವರ ಧರ್ಮದಲ್ಲೇ ಅವರವರಿಗೆ ಮುಕ್ತಿ ಎಂದು ನಂಬಕೂಡದು!

ಓದುತ್ತಾ ಹೋದಂತೆ ನನಗೆ ಹೊಳೆದದ್ದು ಇದು. ಯಾರೂ ಮಾಡದ್ದನ್ನು ಯಾರೂ ನಿಷೇಧಿಸುವುದಿಲ್ಲ. ಅಂದರೆ ಈ ಜನ ಕಿವಿಗೆ ಒಂಟಿ ಹಾಕಿಕೊಂಡಿದ್ದರು, ನೆರೆಯವರೊಡನೆ ಓಣಂ ಆಡುತ್ತಿದ್ದರು, ಪಕ್ಕದ ಮನೆಯವರ ದೇವರೂ ಅವರನ್ನು ಕಾಪಾಡುತ್ತಾನೆಂದು ನಂಬಿದ್ದರು. ಅಳಿಸಲು ಬರೆದ ಪಟ್ಟಿಯೇ ಆ ಬದುಕಿಗೆ ಸಾಕ್ಷಿಯಾಗಿಬಿಟ್ಟಿತು. ಆ ಬದುಕೆಲ್ಲ ಚೆಂದವೇ ಇತ್ತೆಂದಲ್ಲ. ಕೆಳಜಾತಿಯವರನ್ನು ಮುಟ್ಟಿದರೆ ಮೈಲಿಗೆಯೆಂದು ಮೀಯುವ ಪದ್ಧತಿಯೂ ಇತ್ತು. ಅದನ್ನೂ ಸಭೆ ಖಂಡಿಸಿತು.

ಸಿರಿಯಾಕ್ ಗ್ರಂಥಗಳಿಗೆ ಮಾತ್ರ ಆ ಅದೃಷ್ಟವಿರಲಿಲ್ಲ. ಅವುಗಳನ್ನು ತರಿಸಿ ಕೆಲವನ್ನು ತಿದ್ದಿದರು, ಕೆಲವನ್ನು ಸುಟ್ಟರು. ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದು ಎಷ್ಟು ಬೂದಿಯಾಯಿತೋ!

ಒಳಗಿನ ಸಿಟ್ಟು ಹೊರಬರಲು 54 ವರ್ಷ ಬೇಕಾಯಿತು. 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಜನ ಸೇರಿ, ಜೆಸ್ಯೂಟ್ ಬಿಷಪ್ಪರ ಮಾತು ಕೇಳೆವೆಂದು ಆಣೆ ಮಾಡಿದರು. ಎಲ್ಲರಿಗೂ ಶಿಲುಬೆ ಮುಟ್ಟಲು ಸಾಧ್ಯವಾಗದೆ, ಅದಕ್ಕೆ ಹಗ್ಗ ಕಟ್ಟಿ ಹಗ್ಗ ಹಿಡಿದರಂತೆ. ಎಳೆತಕ್ಕೆ ಶಿಲುಬೆ ಬಾಗಿತೆಂದು ಪ್ರತೀತಿ. ಅದಕ್ಕೇ ‘ಕೂನನ್ ಕುರಿಶು’, ಬಾಗಿದ ಶಿಲುಬೆ, ಎಂಬ ಹೆಸರು. ಸಿರಿಯನ್ ಕ್ರೈಸ್ತರು ಬೇರೆಬೇರೆ ಸಭೆಗಳಾಗಿ ಕವಲೊಡೆದದ್ದು ಅಲ್ಲಿಂದ.

ಕೇರಳದ ಹಳೆ ಪಳ್ಳಿಗಳಿಗೆ ಹೋದಾಗ ಮೊದಲು ಅಂಗಳ ನೋಡಿ. ಬಯಲಲ್ಲಿ ಕಲ್ಲಿನ ಶಿಲುಬೆ, ಅದರ ಬುಡದಲ್ಲಿ ಎಣ್ಣೆದೀಪ, ನಮ್ಮ ದೇವಸ್ಥಾನದಂತೆಯೇ ಧ್ವಜಸ್ತಂಭ. ಆಮೇಲೆ ಎದುರಿನ ಎತ್ತರದ ಗೋಡೆ, ಒಳಗಿನ ಚಿನ್ನದ ಬಣ್ಣದ ಮರದ ಪೀಠ ನೋಡಿ. ಅವು ಪೋರ್ಚುಗೀಸರ ಕಾಲದ ರೂಢಿ. ನಿಷೇಧಿಸಿದವರೂ ನಿಷೇಧ ಮೀರಿ ಉಳಿದವರೂ ಒಂದೇ ಕಟ್ಟಡದಲ್ಲಿದ್ದಾರೆ.

ವಾಪಸು ಬರುವಾಗ ಮಗಳು ಕೇಳಿದಳು: “ಅಪ್ಪಾ, ನಾವು ಕನ್ನಡದವರು ಓಣಂಗೆ ಪೂಕ್ಕಳಂ ಹಾಕಬಹುದಾ?” ಕಳೆದ ವರ್ಷ ಫ್ಲ್ಯಾಟಿನ ಬಾಗಿಲಲ್ಲಿ ಅವಳು ಹಾಕಿದ್ದಳು, ಯುಗಾದಿಯ ರಂಗೋಲಿ ಹಾಕಿದ ಜಾಗದಲ್ಲೇ. “ಹಾಕು ಮಗಾ,” ಎಂದೆ. “ರಂಗೋಲಿ ಮಾತ್ರ ಮರೀಬೇಡ.”