ಸೆಲ್ಫ್ ಹೊಡೆಯದ ಹಳೆಯ ಟ್ರ್ಯಾಕ್ಟರ್: ದೋಷ ಎಲ್ಲಿ?

ಚಾವಿ ತಿರುಗಿಸಿದಾಗ ಎಂಜಿನ್ ತಿರುಗದೆ ಬರೀ ‘ಟಕ್’ ಎಂದು ಸುಮ್ಮನಾಗುವುದು ಹಳೆಯ ಟ್ರ್ಯಾಕ್ಟರುಗಳ ಸಾಮಾನ್ಯ ಕಾಯಿಲೆ. ದೋಷ ಬ್ಯಾಟರಿಯಲ್ಲಿರಬಹುದು, ಚಾವಿ ಸ್ವಿಚ್ಚಿನಲ್ಲಿರಬಹುದು, ವೈರಿಂಗಿನಲ್ಲಿರಬಹುದು ಅಥವಾ ಸೆಲ್ಫ್ ಮೋಟರಿನಲ್ಲೇ ಇರಬಹುದು. ರೂಢಿಯಲ್ಲಿ ಮೊದಲು ಬದಲಾಗುವುದು ಬ್ಯಾಟರಿ, ಆಮೇಲೆ ಸೆಲ್ಫ್. ವೈರಿಂಗಿನ ಸರದಿ ಬರುವುದು ಕೊನೆಗೆ. ತನಿಖೆ ನಡೆಯಬೇಕಾದದ್ದು ಇದರ ತದ್ವಿರುದ್ಧ ದಿಕ್ಕಿನಲ್ಲಿ.

ಬಾಗಲಕೋಟೆ ಸೀಮೆಯಲ್ಲಿ ಈ ತೊಂದರೆ ಹೆಚ್ಚಾಗಿ ತಲೆದೋರುವುದು ಹಂಗಾಮಿನ ಹೊಸ್ತಿಲಲ್ಲಿ. ಹುನಗುಂದದ ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತುವ ಹೊತ್ತಿಗೆ, ತಿಂಗಳುಗಟ್ಟಲೆ ನಿಂತಿದ್ದ ಟ್ರ್ಯಾಕ್ಟರ್ ಒಮ್ಮೆಲೇ ಏಳಬೇಕು. 1960ರ ದಶಕದಲ್ಲಿ ಭಾರತದಲ್ಲಿ ತಯಾರಿಕೆ ಆರಂಭವಾದ ಬಿ-275, 1971ರ ನಂತರದ ಎಚ್‌ಎಂಟಿ ಜೆಟರ್‌ನಂಥ ಹಳಬರ ಜೊತೆಗೆ, ದಾಳಿಂಬೆ ಸಾಲುಗಳ ನಡುವೆ ನುಸುಳಿ ಹೋಗುವ 18.5 ಎಚ್‌ಪಿಯ ಮಿತ್ಸುಬಿಷಿ ಶಕ್ತಿಯಂಥ ಚಿಕ್ಕ ತೋಟದ ಟ್ರ್ಯಾಕ್ಟರುಗಳಿಗೂ ಇದು ಅನ್ವಯ. ಅಮೆರಿಕದ ಕೈಪಿಡಿಗಳು ಸ್ಟಾರ್ಟಿಂಗ್ ತೊಂದರೆಗೆ ಮೊದಲು ಚಳಿಯನ್ನು ದೂರುತ್ತವೆ. ಬಾದಾಮಿಯ ಚಳಿಗೆ ಬ್ಯಾಟರಿ ಸೋಲುವುದಿಲ್ಲ. ಇಲ್ಲಿನ ವೈರಿ ಬಿಸಿಲು, ಧೂಳು, ತುಕ್ಕು ಮತ್ತು ನಿಂತಲ್ಲೇ ನಿಲ್ಲುವುದು.

ತನಿಖೆಗೆ ಮೊದಲು ಸೆಲ್ಫಿನ ಸ್ವಭಾವ ತಿಳಿದಿರಬೇಕು. ವಿದ್ಯುತ್ತಿನಿಂದ ಎಂಜಿನ್ ಎಬ್ಬಿಸುವ ಉಪಾಯವನ್ನು ಬಳಕೆಗೆ ಯೋಗ್ಯವಾಗಿಸಿದವರು ಚಾರ್ಲ್ಸ್ ಕೆಟರಿಂಗ್. ಅದಕ್ಕೂ ಮುಂಚೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಎಂಜಿನ್ ತಿರುಗಿಸುವಷ್ಟು ಶಕ್ತಿಯ ವಿದ್ಯುತ್ ಮೋಟರು ಎಂಜಿನ್ನಿನಷ್ಟೇ ದೊಡ್ಡದಾಗಬೇಕು, ಅದನ್ನು ಗಾಡಿಯ ಮೇಲೆ ಹೇರುವುದು ಆಗದ ಮಾತು ಎಂಬ ಲೆಕ್ಕ ಆಗ ಚಾಲ್ತಿಯಲ್ಲಿತ್ತು. ಕೆಟರಿಂಗ್ ಅದಕ್ಕೂ ಮೊದಲು ಅಮೆರಿಕದ ಡೇಟನ್‌ನಲ್ಲಿ ಅಂಗಡಿಯ ಗಲ್ಲಾ ಯಂತ್ರಗಳನ್ನು ತಯಾರಿಸುವ ಕಂಪನಿಯಲ್ಲಿದ್ದವರು. ಗಲ್ಲಾದ ಮೋಟರು ದಿನವಿಡೀ ತಿರುಗಬೇಕಿಲ್ಲ. ಒಂದು ಕ್ಷಣ ಜೋರಾಗಿ ಎಳೆದು ಸುಮ್ಮನಾದರೆ ಸಾಕು. ಕೆಲವೇ ಸೆಕೆಂಡು ಕೆಲಸ ಮಾಡುವ ಚಿಕ್ಕ ಮೋಟರಿಗೆ ಅದರ ತಾಳಿಕೆಯ ಹಲವು ಪಟ್ಟು ಕರೆಂಟ್ ಕೊಟ್ಟರೂ ಸುಡುವುದಿಲ್ಲ ಎಂಬ ಆ ಅನುಭವವೇ 1911ರಲ್ಲಿ ಕಾರಿನ ಸೆಲ್ಫ್ ಆಯಿತು. 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಮಾರಾಟಕ್ಕೆ ಬಂತು. ಇಂದಿಗೂ ಸೆಲ್ಫ್ ನಿಂತಿರುವುದು ಕೆಲವೇ ಸೆಕೆಂಡು ತಾಳಿಕೆ ಮೀರುವ ಅದೇ ಲೆಕ್ಕದ ಮೇಲೆ. 18.5 ಎಚ್‌ಪಿ ಎಂದರೆ ಸುಮಾರು 13.8 ಕಿಲೋವ್ಯಾಟ್, ಅಂಥ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಒಂದೆರಡು ಕಿಲೋವ್ಯಾಟಿನದು. ಒಂದೇ ಸಮನೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು ಎಂಬ ನಿಯಮ ಹುಟ್ಟಿದ್ದು ಇಲ್ಲಿಂದಲೇ.

ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಸಿಲಿಂಡರಿನ ಗಾಳಿಯನ್ನು ವೇಗವಾಗಿ ಒತ್ತಿದಾಗ ಹುಟ್ಟುವ ಶಾಖವೇ ಇಂಧನವನ್ನು ಹೊತ್ತಿಸಬೇಕು. ನಿಧಾನಕ್ಕೆ ಒತ್ತಿದರೆ ಆ ಶಾಖ ಗೋಡೆಗೆ ಇಳಿದುಹೋಗುತ್ತದೆ, ಗಾಳಿ ಪಿಸ್ಟನ್ ಪಕ್ಕದಿಂದ ಸೋರುತ್ತದೆ. ಹಾಗಾಗಿ ಸೆಲ್ಫ್ ತಿರುಗಿದರಷ್ಟೇ ಸಾಲದು, ರಭಸವಾಗಿ ತಿರುಗಬೇಕು. ಮೋಟರು ನಿಂತಿರುವಾಗ ಕರೆಂಟನ್ನು ತಡೆಯುವುದು ಮಾರ್ಗದ ರೋಧ ಮಾತ್ರ. ಬ್ಯಾಟರಿ, ಕೇಬಲ್, ಮೋಟರು ಎಲ್ಲ ಸೇರಿ 0.03 ಓಮ್ ಇದೆ ಎಂದುಕೊಂಡರೆ 12 ವೋಲ್ಟ್ ಬ್ಯಾಟರಿಯಿಂದ 400 ಆಂಪಿಯರ್ ಹರಿಯುತ್ತದೆ. ಒಂದು ತುಕ್ಕು ಹಿಡಿದ ಜೋಡಣೆ 0.01 ಓಮ್ ಸೇರಿಸಿದರೆ ಅದು 300ಕ್ಕೆ ಇಳಿಯುತ್ತದೆ. ಈ ಜಾತಿಯ ಮೋಟರಿನಲ್ಲಿ ತಿರುಗಿಸುವ ಬಲ ಕರೆಂಟಿಗಿಂತ ಬೇಗ ಕುಸಿಯುವುದರಿಂದ, ಕಾಲು ಭಾಗ ಕರೆಂಟ್ ಕಡಿಮೆಯಾದರೆ ಬಲ ಅರ್ಧದ ಹತ್ತಿರಕ್ಕೆ ಬರಬಹುದು. ಬ್ಯಾಟರಿ ಹೊಸದಿದ್ದರೂ ಎಂಜಿನ್ ಏಳದಿರುವುದಕ್ಕೆ ಇಷ್ಟೇ ಕಾರಣ ಸಾಕು.

ಆದರೆ ಆ 0.01 ಓಮ್ ಕಣ್ಣಿಗೆ ಬೀಳುವುದಿಲ್ಲ, ಸಾಧಾರಣ ಮೀಟರಿನ ಓಮ್ ಅಳತೆಗೂ ಸಿಗುವುದಿಲ್ಲ. ಇದನ್ನು ಅರಿಯಲು ಹುನಗುಂದ ತಾಲ್ಲೂಕಿನ ರೈತರಿಗೆ ಹನಿ ನೀರಾವರಿಗಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿನ ರಾಮಥಾಳ ಯೋಜನೆ ಸುಮಾರು 24,000 ಹೆಕ್ಟೇರಿಗೆ ಹನಿ ನೀರು ಒದಗಿಸಲೆಂದು ರೂಪಿಸಿದ್ದು. ಹನಿ ವ್ಯವಸ್ಥೆಯ ಫಿಲ್ಟರಿನ ಎರಡು ಬದಿಗೆ ಎರಡು ಒತ್ತಡದ ಗೇಜುಗಳಿರುತ್ತವೆ. ಮುಂದಿನ ವಾಲ್ವ್ ಮುಚ್ಚಿದ್ದಾಗ ಎರಡೂ ಒಂದೇ ಅಂಕಿ ತೋರಿಸುತ್ತವೆ. ಫಿಲ್ಟರಿನಲ್ಲಿ ಕೆಸರು ಎಷ್ಟೇ ತುಂಬಿರಲಿ, ನೀರು ನಿಂತಿರುವಾಗ ಅದರ ಸುಳಿವೇ ಸಿಗದು. ವಾಲ್ವ್ ತೆರೆದು ನೀರು ಓಡತೊಡಗಿದ ಮೇಲೆ ಆಚೆಯ ಗೇಜಿನ ಮುಳ್ಳು ಬೀಳುತ್ತದೆ. ಎಷ್ಟು ಬಿತ್ತೋ ಅಷ್ಟು ಕೊಳೆ. ಗೇಜ್ ಬಿತ್ತೆಂದು ಯಾರೂ ಪಂಪು ಬದಲಿಸುವುದಿಲ್ಲ, ಫಿಲ್ಟರ್ ತೊಳೆಯುತ್ತಾರೆ. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯೇ ಪಂಪು, ವೋಲ್ಟೇ ಒತ್ತಡ, ಹಸಿರು ಕಟ್ಟಿದ ಟರ್ಮಿನಲ್ಲೇ ಫಿಲ್ಟರು. ಸೆಲ್ಫ್ ಹೊಡೆಯದೆ ಮೀಟರ್ ಹಿಡಿದು ‘12 ವೋಲ್ಟ್ ಬರ್ತೈತಿ, ವೈರಿಂಗ್ ಸರಿ ಐತಿ’ ಎನ್ನುವುದು ವಾಲ್ವ್ ಮುಚ್ಚಿ ಗೇಜ್ ನೋಡಿದಂತೆಯೇ.

ಹಾಗಾಗಿ ಪರೀಕ್ಷೆ ನಡೆಯಬೇಕಾದದ್ದು ಸೆಲ್ಫ್ ಎಳೆಯುತ್ತಿರುವಾಗ. ಗಿಯರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಡೀಸೆಲ್ ನಿಲ್ಲಿಸುವ ಲಿವರ್ ಎಳೆದಿಟ್ಟು, ಕೆಲವೇ ನೂರು ರೂಪಾಯಿಯ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಬೇಕು. ಒಂದು ತುದಿ ಬ್ಯಾಟರಿಯ ಪ್ಲಸ್ ಸೀಸದ ಕಂಬಕ್ಕೆ, ಅದರ ಕ್ಲಾಂಪಿಗಲ್ಲ. ಇನ್ನೊಂದು ತುದಿ ಸೆಲ್ಫಿನ ದೊಡ್ಡ ಬೋಲ್ಟಿಗೆ. ಇನ್ನೊಬ್ಬರು ಚಾವಿ ತಿರುಗಿಸಿ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲಿ ಕೊಳೆ ಇದೆ. ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಹಿಡಿದಾಗ 0.3 ವೋಲ್ಟಿನ ಒಳಗಿರಬೇಕು. ಬ್ಯಾಟರಿಯ ಎರಡೂ ಕಂಬಗಳ ನಡುವೆ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಬೇಕು. ಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ: 200 ಆಂಪಿಯರ್ ಹರಿಯುವಾಗ 0.01 ಓಮ್ ಜೋಡಣೆ 400 ವ್ಯಾಟ್ ಶಾಖ ಉಗುಳುತ್ತದೆ. ಐದಾರು ಸೆಕೆಂಡು ಸೆಲ್ಫ್ ಹೊಡೆದು ಚಾವಿ ಬಿಟ್ಟ ಮೇಲೆ ಬೆರಳು ಮುಟ್ಟಿದರೆ, ಬಿಸಿಯಾದ ಜೋಡಣೆಯೇ ಕಳ್ಳ. ಎಷ್ಟೋ ಸಲ ಅದು ಪ್ಲಸ್ ಕಡೆ ಇರುವುದಿಲ್ಲ. ಬಣ್ಣ ಬಳಿದ ಚಾಸಿಯ ಮೇಲೆ ಬಿಗಿದ, ಯಾರೂ ನೋಡದ ಅರ್ಥಿಂಗ್ ಪಟ್ಟಿಯಲ್ಲಿರುತ್ತದೆ.

ಶಬ್ದವೂ ಗುಟ್ಟು ಹೇಳುತ್ತದೆ. ಸೆಲ್ಫಿನ ನೆತ್ತಿಯ ಮೇಲಿನ ಸೊಲೆನಾಯ್ಡ್‌ನಲ್ಲಿ ಎರಡು ಸುರುಳಿಗಳು: ಒಂದು ಎಳೆಯುವುದಕ್ಕೆ, ಒಂದು ಹಿಡಿದಿಡುವುದಕ್ಕೆ. ಒಳಗಿನ ತಾಮ್ರದ ಬಿಲ್ಲೆ ಕೂಡಿಕೊಂಡ ಕೂಡಲೇ ಎಳೆಯುವ ಸುರುಳಿಯ ಎರಡೂ ತುದಿಗೆ ಒಂದೇ ವೋಲ್ಟ್ ಸಿಕ್ಕಿ ಅದು ಕೆಲಸ ನಿಲ್ಲಿಸುತ್ತದೆ. ಬ್ಯಾಟರಿ ಸೊರಗಿದ್ದರೆ ಆ ಕ್ಷಣವೇ ವೋಲ್ಟ್ ಕುಸಿದು ಹಿಡಿತ ತಪ್ಪುತ್ತದೆ, ಬಿಟ್ಟೊಡನೆ ವೋಲ್ಟ್ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ‘ಟಕಟಕಟಕ’ ಎಂದು ಬಡಿದುಕೊಳ್ಳುವುದು ಇದೇ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಬಿಲ್ಲೆ ಸುಟ್ಟಿರಬಹುದು ಅಥವಾ ಕಾರ್ಬನ್ ಸವೆದಿರಬಹುದು. ಶಬ್ದವೇ ಇಲ್ಲದಿದ್ದರೆ ಚಾವಿ ಸ್ವಿಚ್ ಅಥವಾ ಅದರ ಸಣ್ಣ ವೈರು.

ಸ್ವಿಚ್ ಬದಲಿಸುವಾಗಿನ ದೊಡ್ಡ ಅಪಾಯ, ನೋಡಲು ಒಂದೇ ಥರದ ಸ್ವಿಚ್ಚುಗಳು ಒಳಗೆ ಬೇರೆಯಾಗಿರುವುದು. ಹಳೆಯ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಚಾವಿಗೆ ಎಂಜಿನ್ ನಿಲ್ಲಿಸುವ ಕೆಲಸವಿಲ್ಲ, ಅದಕ್ಕೆ ಲಿವರ್ ಇದೆ. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅಮೆರಿಕದ ಮನೆಯಂಗಳಗಳಿಗೆ ತಂದ ಕಬ್ ಕೆಡೆಟ್‌ನಂಥ ಪೆಟ್ರೋಲ್ ಗಾರ್ಡನ್ ಟ್ರ್ಯಾಕ್ಟರಿನಲ್ಲಿ, ಚಾವಿ ಹಾಕಿದಾಗ ಸ್ವಿಚ್ ಬ್ಯಾಟರಿಯ ಕರೆಂಟನ್ನು ಕಾಯಿಲ್‌ಗೆ ಕೊಡುತ್ತದೆ. ಮ್ಯಾಗ್ನೆಟೊ ಎಂಜಿನ್ನಿನಲ್ಲಿ ಇದು ಉಲ್ಟಾ: ಚಾವಿ ತೆಗೆದಾಗ ಸ್ವಿಚ್ ಮ್ಯಾಗ್ನೆಟೊವನ್ನು ಅರ್ಥಿಂಗಿಗೆ ಸೇರಿಸಿ ಕಿಡಿ ಕೊಲ್ಲುತ್ತದೆ. ಅಲ್ಲಿಗೆ ಮೊದಲ ಜಾತಿಯ ಸ್ವಿಚ್ ಹಾಕಿದರೆ 12 ವೋಲ್ಟ್ ಮ್ಯಾಗ್ನೆಟೊಗೆ ನುಗ್ಗಿ ಅದನ್ನು ಕೆಡಿಸಬಹುದು. ಹಳೆಯದನ್ನು ಬಿಚ್ಚುವ ಮೊದಲು ಪ್ರತಿ ವೈರಿಗೂ ಚೀಟಿ ಕಟ್ಟುವುದು, ಹೊಸದರ ಪ್ರತಿ ಟರ್ಮಿನಲ್ಲನ್ನು ಮೀಟರಿನಿಂದ ಪರೀಕ್ಷಿಸುವುದು ಹೆಚ್ಚಿನ ಕೆಲಸವೇನಲ್ಲ. ಬಾಗಲಕೋಟೆಯಲ್ಲಿ ಕೊಂಡರೂ ಇಳಕಲ್ಲಿನಲ್ಲಿ ಕೊಂಡರೂ ‘ಎಲ್ಲದಕ್ಕೂ ಕೂಡ್ರತೈತಿ’ ಎಂಬ ಮಾತು ಸ್ವಿಚ್ಚಿನ ತೂತಿಗೆ ನಿಜ, ಟರ್ಮಿನಲ್ಲಿಗೆ ಅಲ್ಲ.

ಹೊಸ ಸ್ವಿಚ್ ಬೇಗ ಸಾಯುವುದಕ್ಕೂ ಕಾರಣವಿದೆ. ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ 30-40 ಆಂಪಿಯರ್ ಬೇಡುತ್ತದೆ, ಹಳೆಯ ವಿನ್ಯಾಸದಲ್ಲಿ ಅಷ್ಟೂ ಸ್ವಿಚ್ಚಿನ ಮೂಲಕವೇ ಹೋಗಬೇಕು. ನಡುವೆ ಒಂದು ರಿಲೇ ಹಾಕಿದರೆ ಸ್ವಿಚ್ಚಿನ ಪಾಲಿಗೆ ಉಳಿಯುವುದು ಕಾಲು ಆಂಪಿಯರಿಗಿಂತ ಕಡಿಮೆ. ಹಳೆಯ ಟ್ರ್ಯಾಕ್ಟರಿಗೆ ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ. ದೊಡ್ಡ ಕೇಬಲ್ ವಿಷಯದಲ್ಲಿ ಮಾತ್ರ ಅಗ್ಗದ ಮೋಹ ಸಲ್ಲದು. 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ 200 ಆಂಪಿಯರ್ ಒಯ್ಯುವಾಗ ಮೀಟರಿಗೆ 0.1 ವೋಲ್ಟ್ ತಿನ್ನುತ್ತದೆ. 10 ಚದರ ಮಿಲಿಮೀಟರಿನದು 0.34 ವೋಲ್ಟ್. ದಪ್ಪ ಪ್ಲಾಸ್ಟಿಕ್ ಹೊದ್ದು ಒಳಗೆ ಸಣಕಲಾಗಿರುವ ಕೇಬಲ್‌ಗಳೂ, ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಎಳೆಗಳೂ ‘ಹೆವಿ ಡ್ಯೂಟಿ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಅಲ್ಯೂಮಿನಿಯಂ ವಾಹಕತೆ ತಾಮ್ರದ ಶೇ 60ರಷ್ಟು ಮಾತ್ರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಸಾಕು: ಒಳಗೆ ಬೆಳ್ಳಗೆ ಹೊಳೆದರೆ ಅಂಗಡಿಗೇ ವಾಪಸ್.

ಬಿಚ್ಚುವಾಗ ಚಾಸಿಗೆ ಸೇರಿದ ಕಂಬದ ಕ್ಲಾಂಪ್ ಮೊದಲು ಬರಬೇಕು, ಕೂಡಿಸುವಾಗ ಅದೇ ಕೊನೆ. ಸಾಮಾನ್ಯವಾಗಿ ಅದು ಮೈನಸ್. ಬ್ರಿಟಿಷ್ ವಿನ್ಯಾಸದ ಕೆಲವು ಹಳಬರಲ್ಲಿ ಪ್ಲಸ್. ಟರ್ಮಿನಲ್ ಹಾಗೂ ಚಾಸಿಯ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಆಮೇಲೆ ಗ್ರೀಸ್ ಸವರಬೇಕು.

ಕೊನೆಯದು ಪಾನಾ ಹಿಡಿದು ಸೆಲ್ಫಿನ ಎರಡು ಬೋಲ್ಟುಗಳನ್ನು ಕೂಡಿಸಿ ಸ್ಟಾರ್ಟ್ ಮಾಡುವ ಚಟ. ಹಾಗೆ ಮಾಡುವವರು ನಿಲ್ಲುವುದು ದೊಡ್ಡ ಗಾಲಿಯ ಮುಂದೆ. ಟ್ರ್ಯಾಕ್ಟರ್ ಗಿಯರಿನಲ್ಲಿದ್ದರೆ ಅದು ಅವರ ಮೇಲೆಯೇ ಹರಿಯುತ್ತದೆ. 1946ರಲ್ಲಿ ಬಂದ ಫರ್ಗ್ಯುಸನ್ ಟಿಇ-20ರಲ್ಲೇ, ಗಿಯರ್ ಲಿವರನ್ನು ‘ಎಸ್’ ಗುರುತಿಗೆ ಒಯ್ದರೆ ಮಾತ್ರ ಸೆಲ್ಫ್ ತಿರುಗುವ ಏರ್ಪಾಡಿತ್ತು. ನಂತರದ ಮಾದರಿಗಳ ನ್ಯೂಟ್ರಲ್ ಸ್ವಿಚ್, ಕ್ಲಚ್ ಸ್ವಿಚ್‌ಗಳ ಉದ್ದೇಶವೂ ಅದೇ. ವೈರಿಂಗ್ ಮಾಡುವಾಗ ಇವು ‘ಕಿರಿಕಿರಿ’ ಎಂದು ಎರಡು ವೈರುಗಳನ್ನು ನೇರ ಕಟ್ಟಿಬಿಡುವುದುಂಟು. ನ್ಯೂಟ್ರಲ್ ಸ್ವಿಚ್ ಇರುವ ಟ್ರ್ಯಾಕ್ಟರಾದರೆ ಕೆಲಸ ಮುಗಿದ ಮೇಲೆ ಸೀಟಿನಲ್ಲಿ ಕುಳಿತು, ಡೀಸೆಲ್ ಲಿವರ್ ಎಳೆದು, ಬ್ರೇಕ್ ಹಾಗೂ ಕ್ಲಚ್ ಒತ್ತಿ ಹಿಡಿದು, ಗಿಯರ್ ಹಾಕಿ ಚಾವಿ ತಿರುಗಿಸಬೇಕು. ಆಗಲೂ ಸೆಲ್ಫ್ ಹೊಡೆದರೆ ವೈರಿಂಗ್ ತಪ್ಪಾಗಿದೆ. ಅದನ್ನು ಸರಿಪಡಿಸದೆ ಮಿಸ್ತ್ರಿಗೆ ಮಜೂರಿ ಕೊಡಬಾರದು.