ಒಂದು ಕಿಲೋ ಗದ್ದಲ, ನಲವತ್ತು ಗ್ರಾಂ ಸುದ್ದಿ

ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರಕ್ಕೆ ನಾಣ್ಯ ಹಾಕಿದರೆ ರಟ್ಟಿನ ಚೀಟಿಯೊಂದು ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಭವಿಷ್ಯ ಓದಿ ನಕ್ಕು, ಚೀಟಿಯನ್ನು ಜೇಬಿಗಿಳಿಸಿ ಜನ ರೈಲು ಹತ್ತುತ್ತಿದ್ದರು. ಈಗಿನ ಫಿಟ್‌ನೆಸ್ ಆ್ಯಪ್‌ಗಳೂ ಇವೆರಡನ್ನೂ ಒಟ್ಟಿಗೇ ಕೊಡುತ್ತವೆ, ನಗುವವರು ಮಾತ್ರ ಕಡಿಮೆ. ಬೆಳಿಗ್ಗೆ 600 ಗ್ರಾಂ ಏರಿದ್ದರೆ ಕೆಂಪು ಬಾಣ, ಜೊತೆಗೆ ‘ಗುರಿಯಿಂದ ದೂರ ಸರಿಯುತ್ತಿದ್ದೀರಿ’ ಎಂಬ ಎಚ್ಚರಿಕೆ. ಆ ದಿನವಿಡೀ ಮುಖ ಸಪ್ಪಗೆ.

ಆ 600 ಗ್ರಾಂ ಏನೆಂದು ತಕ್ಕಡಿಯನ್ನೇ ಕೇಳಬಹುದು. ಮನೆಯ ಗಾಜಿನ ತಕ್ಕಡಿಯನ್ನು ಮಗುಚಿ ಹಾಕಿದರೆ ನಾಲ್ಕು ಮೂಲೆಗೆ ನಾಲ್ಕು ಪಾದ ಕಾಣುತ್ತವೆ. ಒಂದೊಂದರ ಒಳಗೂ ಒಂದು ಲೋಹದ ಪಟ್ಟಿ, ಅದಕ್ಕೆ ಅಂಟಿಸಿದ ‘ಸ್ಟ್ರೇನ್ ಗೇಜ್’, ಅಂದರೆ ಅಂಕುಡೊಂಕಾಗಿ ಮಡಚಿದ ತೀರ ತೆಳುವಾದ ಲೋಹದ ಎಳೆ. ನೀವು ಹತ್ತಿ ನಿಂತಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆ ಅಷ್ಟೇ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನೇ ಒಳಗಿನ ಚಿಪ್ ಕಿಲೋಗ್ರಾಂಗೆ ಪರಿವರ್ತಿಸುತ್ತದೆ. ಅಮೆರಿಕದಲ್ಲಿ 1938ರಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಒಬ್ಬರಿಗೊಬ್ಬರು ತಿಳಿಯದಂತೆ ಕಂಡುಕೊಂಡ ಉಪಾಯ ಇದು. ರೂಜ್ ತಲೆ ಕೆಡಿಸಿಕೊಂಡಿದ್ದುದು ಭೂಕಂಪದಲ್ಲಿ ನೀರಿನ ಟ್ಯಾಂಕುಗಳ ಗತಿ ಏನೆಂಬ ಪ್ರಶ್ನೆಗೆ. ಯಾರ ಸೊಂಟದ ಚಿಂತೆಯೂ ಆತನಿಗಿರಲಿಲ್ಲ.

ತೂಕ ಹೇಳುವ ಮಟ್ಟಿಗೆ ಇದು ನಂಬಿಗಸ್ತ ಯಂತ್ರ. ಕೆಲವು ತಕ್ಕಡಿಗಳಿಗೆ ಒಂದು ಸಣ್ಣ ಕಳ್ಳಬುದ್ಧಿ ಇರುತ್ತದೆ, ಅಷ್ಟೆ: ಇಳಿದು ಕೂಡಲೇ ಮತ್ತೆ ಹತ್ತಿದರೆ, ವ್ಯತ್ಯಾಸ ಅತ್ಯಲ್ಪವಾಗಿದ್ದಾಗ ಹಿಂದಿನ ಅಂಕಿಯನ್ನೇ ತೋರಿಸಿ ‘ಎಷ್ಟು ನಿಖರ!’ ಎನಿಸಿಕೊಳ್ಳುತ್ತವೆ. ಸಣ್ಣ ಲೋಟದಲ್ಲಿ ನೀರು ಹಿಡಿದು ಎರಡನೇ ಸಲ ಹತ್ತಿ ನೋಡಿ, ಗುಟ್ಟು ರಟ್ಟಾಗಬಹುದು.

ಕೊಬ್ಬಿನ ಶೇಕಡಾವಾರು ಹೇಳುವ ‘ಸ್ಮಾರ್ಟ್’ ತಕ್ಕಡಿಯ ಕಥೆಯೇ ಬೇರೆ. ಅದು ಒಂದು ಅಂಗಾಲಿನಿಂದ ಇನ್ನೊಂದಕ್ಕೆ ಅತಿ ಕ್ಷೀಣ ವಿದ್ಯುತ್ ಹರಿಸುತ್ತದೆ. ನೀರು ತುಂಬಿದ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡವರಿಸುತ್ತದೆ. ಆದರೆ ಕಾಲಿಂದ ಕಾಲಿಗೆ ಹರಿಯುವ ವಿದ್ಯುತ್ತಿಗೆ ಎದೆ, ತೋಳುಗಳ ಸುದ್ದಿ ಗೊತ್ತಾಗುವುದೇ ಇಲ್ಲ. ಉಳಿದದ್ದನ್ನು ನಿಮ್ಮ ವಯಸ್ಸು, ಎತ್ತರ, ಲಿಂಗ ಹಾಕಿದ ಸೂತ್ರವೊಂದು ಊಹಿಸುತ್ತದೆ. ಬೇಕಿದ್ದರೆ ಆ್ಯಪ್‌ನಲ್ಲಿ ವಯಸ್ಸನ್ನು ಇಪ್ಪತ್ತು ವರ್ಷ ಇಳಿಸಿ ಮತ್ತೆ ನಿಂತು ನೋಡಿ: ದೇಹ ಅದೇ, ಕೊಬ್ಬಿನ ಅಂಕಿ ಬೇರೆಯಾಗಿರಬಹುದು.

ಈಗ 600 ಗ್ರಾಂಗೆ ಬರೋಣ. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳು ಸುಮಾರು ಅರ್ಧ ಕಿಲೋದಷ್ಟು ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತವೆ. ಅದರ ಒಂದೊಂದು ಗ್ರಾಮೂ ಹೆಚ್ಚುಕಡಿಮೆ ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಎರಡು ದಿನ ಅನ್ನ, ಮುದ್ದೆ ಬಿಟ್ಟರೆ ಉಗ್ರಾಣ ಬಹುಮಟ್ಟಿಗೆ ಬರಿದಾಗುತ್ತದೆ, ನೀರೂ ಹೊರಬೀಳುತ್ತದೆ, ಒಂದೂವರೆ ಕಿಲೋ ಇಳಿಯಿತೆಂದು ಸಂಭ್ರಮ. ‘ವಾರಕ್ಕೆ ಮೂರು ಕಿಲೋ’ ಎನ್ನುವ ಜಾಹೀರಾತುಗಳ ಅನ್ನದ ದಾರಿ ಇದೇ. ಮದುವೆ ಮನೆಯಲ್ಲಿ ಬಿಸಿಬೇಳೆಬಾತ್, ಹಪ್ಪಳ, ಉಪ್ಪಿನಕಾಯಿ ಉಂಡು ಬಂದ ಮರುದಿನ ಉಪ್ಪು ನೀರನ್ನು ಹಿಡಿದಿಡುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅನೇಕ ಹೆಂಗಸರಿಗೆ ತೂಕ ಏರುತ್ತದೆ. ಹೊಸದಾಗಿ ವ್ಯಾಯಾಮ ಶುರುಮಾಡಿದವರ ಸ್ನಾಯುಗಳು ನೊಂದು, ರಿಪೇರಿಗಾಗಿ ನೀರು ತುಂಬಿಕೊಳ್ಳುತ್ತವೆ. ಹೀಗೆ, ಮೊದಲ ವಾರ ಕಷ್ಟಪಟ್ಟು ಬೆವರು ಹರಿಸಿದವರಿಗೇ ಆ್ಯಪ್ ಕೆಂಪು ಬಾಣ ತೋರಿಸಿ ಗದರಿಸುವುದುಂಟು.

ಇದಕ್ಕೆ ಎದುರಾಗಿ ಕೊಬ್ಬಿನ ಲೆಕ್ಕ ಹಾಕಿ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಅಡಗಿದೆ. ದಿನಕ್ಕೆ 300 ಕಡಿಮೆ ತಿಂದವರು ಕರಗಿಸುವುದು ಹೆಚ್ಚೆಂದರೆ 40 ಗ್ರಾಂ. ಒಂದು ಕಿಲೋ ನೀರಿನ ಏರಿಳಿತದ ನಡುವೆ 40 ಗ್ರಾಂ ಹುಡುಕುವ ಕೆಲಸಕ್ಕೆ ಒಂದು ದಿನದ ಅಂಕಿ ಪ್ರಯೋಜನಕ್ಕೇ ಬಾರದು. ಅಳತೆಶಾಸ್ತ್ರ ಬಲ್ಲ ಯಾವ ಎಂಜಿನಿಯರನೂ ಅದಕ್ಕೆ ಬಣ್ಣ ಬಳಿದು ತೋರಿಸಲಾರ.

ಇದನ್ನು ಮೊದಲೇ ಗ್ರಹಿಸಿದವನು ಆಟೋಡೆಸ್ಕ್ ಕಂಪನಿಯ ಸಂಸ್ಥಾಪಕರಲ್ಲೊಬ್ಬನಾದ ಜಾನ್ ವಾಕರ್. 1991ರಲ್ಲಿ ಬರೆದ ‘ದ ಹ್ಯಾಕರ್ಸ್ ಡಯಟ್’ ಪುಸ್ತಕದಲ್ಲಿ ಆತ ಎಲೆಕ್ಟ್ರಾನಿಕ್ಸ್‌ನವರ ಒಂದು ಸರಳ ಸೋಸುವಿಕೆಯನ್ನು ತೂಕಕ್ಕೆ ಅನ್ವಯಿಸಿದ. ನಿನ್ನೆಯ ಸರಾಸರಿ ಗೆರೆ 72.0 ಕಿಲೋದಲ್ಲಿದ್ದು ಇಂದು ತಕ್ಕಡಿ 73.0 ಎಂದರೆ, ವ್ಯತ್ಯಾಸದ ಹತ್ತನೇ ಒಂದು ಭಾಗವನ್ನಷ್ಟೇ ಸೇರಿಸಿ 72.1 ಎಂದು ಬರೆಯುವುದು. ಮದುವೆ ಊಟ ನೂರು ಗ್ರಾಮಿಗೆ ಕುಗ್ಗಿತು, ಅದೂ ಮುಂದೆ ನಿಧಾನವಾಗಿ ತಾನೇ ಅಳಿಸಿಹೋಗುತ್ತದೆ. ಅಂಕಿಯನ್ನೇ ತೋರಿಸದ ‘ಶಾಪಾ’ ಎಂಬ ತಕ್ಕಡಿಯೂ ಮಾರುಕಟ್ಟೆಗೆ ಬಂದಿದೆ. ಹತ್ತಿ ನಿಂತರೆ ಫೋನಿನಲ್ಲಿ ಬರುವುದು ಬರೇ ಒಂದು ಬಣ್ಣ. ಯಂತ್ರವೇ ಅಂಕಿ ಮುಚ್ಚಿಡುವುದು ನನಗೆ ತುಸು ಅತಿ ಎನಿಸುತ್ತದೆ, ಕೇಳಿದವರಿಗೆ ಕೊಟ್ಟರಾಯಿತಲ್ಲ. ಕೇಳದವರ ಮುಖಕ್ಕೆ ಹಿಡಿಯಬಾರದು, ಅಷ್ಟೆ.

ಹಿಡಿದರೆ ಏನಾದೀತು? ಅಮೆರಿಕದಲ್ಲಿ ಆಹಾರ ಸೇವನೆಯ ಮನೋವ್ಯಾಧಿ ಪತ್ತೆಯಾದ 105 ಮಂದಿಯನ್ನು 2017ರ ಅಧ್ಯಯನವೊಂದು ಮಾತಾಡಿಸಿತು. ಕ್ಯಾಲೊರಿ ಎಣಿಸುವ ಆ್ಯಪ್ ಬಳಸಿದ್ದವರಲ್ಲಿ ಶೇ. 73ರಷ್ಟು ಜನ, ತಮ್ಮ ಕಾಯಿಲೆಗೆ ಅದೂ ಒಂದಿಷ್ಟಾದರೂ ಕುಮ್ಮಕ್ಕು ಕೊಟ್ಟಿತೆಂದರು. ಕಾಯಿಲೆಗೆ ಅದೇ ಕಾರಣವೆಂದು ಇದರಿಂದ ಸಾಬೀತಾಗದು. ಆದರೆ ಆ್ಯಪ್ ಕಟ್ಟುವವರು ಕಿವಿಗೊಡಬೇಕಾದ ಮಾತು.

ತೆಳ್ಳಗಿನ ಕಾರ್ಟೂನ್ ದೇಹವನ್ನು ಗುರಿಯೆಂದು ತೋರಿಸುವುದೂ ವಿಜ್ಞಾನವಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಕೂಡ 22.3. ಸ್ಕ್ಯಾನ್ ಮಾಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2.

ಹಾಗಾದರೆ ಆ್ಯಪ್ ಏನನ್ನು ತೋರಿಸಬೇಕು? ದೇಹ ಏನು ಮಾಡಬಲ್ಲದು ಎಂಬುದನ್ನು. ಕೈಗಡಿಯಾರದ ಬೆನ್ನಿನ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಟ್ಟು, ರಕ್ತ ಅದನ್ನೆಷ್ಟು ಹೀರಿತೆಂದು ನೋಡಿ ನಾಡಿ ಎಣಿಸುತ್ತದೆ. ಪ್ರತಿ ಸಲ ಅದೇ ಮೆಟ್ಟಿಲು ಹತ್ತಿ ನಿಂತ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತು, 30 ಸೆಕೆಂಡಿನಲ್ಲಿ ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ ಎಂಬ ಲೆಕ್ಕಗಳಿಗೆ ಉಪ್ಪಿನಕಾಯಿಯ ಹಂಗಿಲ್ಲ. ಮುಷ್ಟಿಯ ಬಲವನ್ನೂ ಹಗುರಾಗಿ ಕಾಣಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ ‘ಪ್ಯೂರ್’ ಅಧ್ಯಯನ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆಯಿತು. ಹಿಡಿತ ಪ್ರತಿ 5 ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ಶೇ. 16ರಷ್ಟು ಹೆಚ್ಚಿತ್ತೆಂದು 2015ರಲ್ಲಿ ವರದಿಯಾಯಿತು. ಒಂದು ದಿನ ತಪ್ಪಿದರೆ ಸರಪಳಿ ಕಡಿಯಿತೆಂದು ಆ್ಯಪ್‌ಗಳು ರಾಗ ಎಳೆಯುವ ಚಾಳಿಯೂ ಹೋಗಬೇಕು. ಆ್ಯಪಲ್ ವಾಚ್‌ನಲ್ಲಿ ಜ್ವರ ಬಂದಾಗ ದಿನದ ಚಟುವಟಿಕೆ ತೋರಿಸುವ ಉಂಗುರಗಳಿಗೆ ರಜೆ ಕೊಡಲು ದಾರಿಯಾದದ್ದೇ 2024ರಲ್ಲಿ.

ಹಾಗೆಂದು ತಕ್ಕಡಿಯನ್ನು ಅಟ್ಟಕ್ಕೆ ಹಾಕುವಂತಿಲ್ಲ. ಹೃದಯ ವೈಫಲ್ಯದ ರೋಗಿಗಳಿಗೆ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ ಎಂದು ವೈದ್ಯರೇ ಹೇಳುತ್ತಾರೆ. ಮೂರು ದಿನದಲ್ಲಿ ಎರಡು ಕಿಲೋ ಏರಿತೆಂದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ಕೂಡಲೇ ಫೋನ್ ಮಾಡಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಎಷ್ಟು ನೀರು ತೆಗೆಯಬೇಕೆಂದು ತೀರ್ಮಾನವಾಗುವುದೂ ತೂಕದಿಂದಲೇ. ಮಿಕ್ಕವರಿಗೆ ಗದ್ದಲವಾದ ನೀರೇ ಇವರಿಗೆ ಸುದ್ದಿ. ವಾಕರನ ಗೆರೆ ಇಲ್ಲಿ ಅಪಾಯಕಾರಿ: ಒಮ್ಮೆಗೇ ಏರಿದ ಎರಡು ಕಿಲೋವನ್ನು ಅದು ಮೊದಲ ದಿನ 200 ಗ್ರಾಂ ಎಂದು ತೋರಿಸಿ ಸಮಾಧಾನ ಹೇಳೀತು. ಆದ್ದರಿಂದ ‘ತೂಕ ಏಕೆ ನೋಡುತ್ತಿದ್ದೀರಿ?’ ಎಂಬ ಪ್ರಶ್ನೆ ಆ್ಯಪ್‌ನ ಮೊದಲ ಪರದೆಯಲ್ಲೇ ಇರಬೇಕು. ‘ಡಾಕ್ಟರು ಹೇಳಿದ್ದಾರೆ’ ಎಂದು ಒತ್ತಿದವರಿಗೆ ಮರುಕ್ಷಣದಿಂದ ಸೋಸದ ಅಂಕಿಯೇ ಕಾಣಬೇಕು, ದಪ್ಪ ಅಕ್ಷರದಲ್ಲಿ.